ಅಣ್ಣ ಸಿಗದಿದ್ದರೆ ತಂಗಿಯನ್ನು ಹಿಡಿಯಿರಿ: ಒಂದು ಪೆನ್‌ರೋಸ್ ಮನೆತನದ ಹುಡುಕಾಟ

"ಆನ್‌ಲೈನ್‌ನಲ್ಲಿ ರೆಡಿ ವಂಶವೃಕ್ಷ ಇದೆಯಲ್ಲ, ಅದನ್ನೇ ತಗೊಳ್ಳಿ" ಅಂದವರೇ ಜಾಸ್ತಿ. ಅಂಥವು ಮೂರು ಸಿಕ್ಕವು. ಮೂರರಲ್ಲೂ ಅಪ್ಪ ಬೇರೆ ಬೇರೆ!

ಕೆಜಿಎಫ್ ಗಣಿಗಳಿಗೆ 1880ರ ದಶಕದಿಂದ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಕೆಲಸಗಾರರು ಬಂದದ್ದು ನಿಮಗೆ ಗೊತ್ತು. ನನ್ನ ಬಳಿ ಇದ್ದದ್ದು ಅಂಥ ಒಬ್ಬನ ಸಮಾಧಿ ಕಲ್ಲಿನ ಬರಹ ಮಾತ್ರ. ಪೆನ್‌ರೋಸ್ ಅನ್ನೋ ಅಡ್ಡಹೆಸರಿನ ಅವನ ಹೆಸರು, ಕಾರ್ನ್‌ವಾಲ್‌ನ ಊರು ಕ್ಯಾಂಬೋರ್ನ್, ವಯಸ್ಸು. ಲೆಕ್ಕ ಹಾಕಿದರೆ 1840ರ ಆಸುಪಾಸಿನ ಹುಟ್ಟು.

ಕ್ಯಾಂಬೋರ್ನ್ ಸೇರಿದ್ದ ರೆಡ್‌ರೂತ್ ನೋಂದಣಿ ಜಿಲ್ಲೆಯ ಜನನ ಇಂಡೆಕ್ಸ್‌ನಲ್ಲಿ ಅದೇ ಹೆಸರಿನ ಮೂರ್ನಾಲ್ಕು ಹುಡುಗರಿದ್ದರು. ಆಗ ಜನನ ದಾಖಲೆಯ ಪಿಡಿಎಫ್ ಒಂದಕ್ಕೆ 7 ಪೌಂಡ್, ಹೆಚ್ಚುಕಮ್ಮಿ 700 ರೂಪಾಯಿ. ಎಲ್ಲವನ್ನೂ ತರಿಸಿದೆ. ಒಬ್ಬ ಕೂಸಿದ್ದಾಗಲೇ ಸತ್ತಿದ್ದ, ಉಳಿದವರು ಕ್ಯಾಂಬೋರ್ನ್ ಬಿಟ್ಟು ಕದಲಿರಲಿಲ್ಲ. ಹುಟ್ಟಿದ್ದನ್ನು ನೋಂದಣಿ ಮಾಡಿಸದಿದ್ದರೆ ದಂಡ ಅಂತ ಬಂದದ್ದು 1875ರಲ್ಲಿ. ನಮ್ಮವನ ಅಪ್ಪ ಅಮ್ಮ ಆ ಗೋಜಿಗೇ ಹೋಗಿರಲಿಲ್ಲ.

ಮದುವೆ ಸರ್ಟಿಫಿಕೇಟ್‌ಗೆ ಇನ್ನೊಂದು 11 ಪೌಂಡ್. ಅದರಲ್ಲಿ ಅಪ್ಪನ ಕಸುಬು "ಗಣಿ ಕೆಲಸ". ಕ್ಯಾಂಬೋರ್ನ್‌ನಲ್ಲಿ ಇನ್ನೇನಿರುತ್ತೆ? ಆದರೆ ಸಾಕ್ಷಿಯ ಜಾಗದಲ್ಲಿ ಒಬ್ಬ ಹುಡುಗಿ ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ ಪೆನ್‌ರೋಸ್ ಅಂತ ಸಹಿ ಹಾಕಿದ್ದಳು. ಅವನನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಬಿದ್ದೆ.

ಇಂಗ್ಲೆಂಡಿನ ಜನನ-ಮರಣ ನೋಂದಣಿ ಕಚೇರಿಯಾದ ಜಿಆರ್‌ಒದ ಹೊಸ ಇಂಡೆಕ್ಸ್‌ನಲ್ಲಿ 1837ರಿಂದಲೇ ತಾಯಿಯ ತವರಿನ ಅಡ್ಡಹೆಸರು ಇದೆ. ಹುಡುಗಿಯದ್ದು ಸಿಕ್ಕಿತು. ಪೆನ್‌ರೋಸ್ ಮತ್ತು ಆ ತವರಿನ ಹೆಸರು ಎರಡೂ ಇರುವ ಮಕ್ಕಳನ್ನೆಲ್ಲ ಸಾಲಾಗಿ ಬರೆದೆ. ನಡುವೆ ನಾಲ್ಕು ವರ್ಷದ ಖಾಲಿ ಜಾಗ. 1851ರ ಗಣತಿಯಲ್ಲಿ ಆ ಮನೆ ತೆಗೆದರೆ, ಸರಿಯಾಗಿ ಆ ಜಾಗದಲ್ಲಿ ನಮ್ಮ ಹುಡುಗ! ಗಣತಿಯವರು ಪೆನ್‌ರೋಸ್ ಅನ್ನು ಹೇಗೆಲ್ಲ ಕೆಡಿಸಿ ಬರೆದಿದ್ದಾರೆ ಅನ್ನೋ ನನ್ನ ಪಟ್ಟಿ ಇಲ್ಲದಿದ್ದರೆ ಆ ಮನೆ ಸಿಗುತ್ತಿರಲಿಲ್ಲ. ಪಟ್ಟಿ ಸದ್ಯಕ್ಕೆ ಕೊಡಲ್ಲ.

ಆ ಹುಡುಗನ ಅಪ್ಪನ ಬ್ಯಾಪ್ಟಿಸಂ ದಾಖಲೆ ಪ್ಯಾರಿಷ್ ಚರ್ಚಿನಲ್ಲಿ, ಅಂದರೆ ಊರಿನ ಅಧಿಕೃತ ಚರ್ಚಿನಲ್ಲಿ ಇರಲಿಲ್ಲ. ಅಲ್ಲಿನ ಗಣಿಯವರಲ್ಲಿ ಆ ಚರ್ಚಿನಿಂದ ಬೇರೆಯಾದ ಮೆಥಡಿಸ್ಟರು ಜಾಸ್ತಿ ಅಲ್ವಾ. ಆ ಚಾಪೆಲ್‌ಗಳು ಸರ್ಕಾರಕ್ಕೆ ಒಪ್ಪಿಸಿದ ಹಳೆಯ ರಿಜಿಸ್ಟರ್‌ಗಳು ಲಂಡನ್ನಿನ ಕ್ಯೂ ಅನ್ನೋ ಜಾಗದ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ, ಆರ್‌ಜಿ 4 ಸರಣಿಯಲ್ಲಿವೆ. ಅಲ್ಲಿ ಸಿಕ್ಕಿತು. ಜೊತೆಗೆ ಊರು ಸಿತ್ನಿ ಅಂತಲೂ ಇತ್ತು.

ನಡುವೆ ಒಂದು ಡಿಎನ್‌ಎ ಪ್ರಯೋಗವೂ ಆಯಿತು. ದಕ್ಷಿಣ ಆಸ್ಟ್ರೇಲಿಯಾದ ಮೂಂಟಾಗೆ ವಲಸೆ ಹೋದ ಕವಲಿನವರೊಬ್ಬರು ಅವರದೇ ದುಡ್ಡಲ್ಲಿ ಮಾಡಿಸಿದರು. ರಾಶಿ ರಾಶಿ ಮ್ಯಾಚ್ ಬಂದವು, ಒಂದೂ ಉಪಯೋಗಕ್ಕೆ ಬರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲೇ ಕೊಟ್ಟು ತಂದವರು, ಎಲ್ಲರೂ ಎಲ್ಲರಿಗೂ ನೆಂಟರು.

ಇನ್ನು ಅಡ್ಡಹೆಸರು. ನಮ್ಮ ಉತ್ತರ ಕರ್ನಾಟಕದವರ ಹಾಗೆ ಊರಿನಿಂದ ಬಂದದ್ದು. ತೊಂದರೆ ಏನೆಂದರೆ ಕಾರ್ನ್‌ವಾಲ್‌ನಲ್ಲಿ ಪೆನ್‌ರೋಸ್ ಅನ್ನೋ ಜಾಗ ಒಂದಲ್ಲ, ಹಲವು. 1881ರ ಗಣತಿಯ ಪೆನ್‌ರೋಸ್‌ಗಳನ್ನೆಲ್ಲ ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡಿದೆ. ಹೊತ್ತು ಹೋಯಿತು, ಏನೂ ಹೇಳಲಿಲ್ಲ. ಆದರೆ ಹೆಲ್‌ಸ್ಟನ್ ಪಕ್ಕದ ಹಳೆಯ ಪೆನ್‌ರೋಸ್ ಎಸ್ಟೇಟ್ ಇರುವುದೂ ಸಿತ್ನಿ ಪ್ಯಾರಿಷ್‌ನಲ್ಲೇ. ಖಚಿತವಲ್ಲ, ಹಾಗಾಗಿ ನನ್ನ ಚಾರ್ಟ್‌ನಲ್ಲಿ ಅಲ್ಲಿಗೆ ಚುಕ್ಕೆ ಗೆರೆ ಎಳೆದಿದ್ದೇನೆ. ಒಟ್ಟು ಖರ್ಚು ಹದಿನೈದು ಸಾವಿರದೊಳಗೆ.