ತಗಡಿನ ತಟ್ಟೆಯಲ್ಲಿ ಹರಿದ ಹ್ವಾಂಗ್ ಹೋ

ನಾನು ಎಂಟನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡೋಕೆ ಶುರು ಮಾಡಿ ಹದಿನಾಲ್ಕು ವರ್ಷ ಆಯಿತು. ಅದರಲ್ಲಿ ಹತ್ತು ವರ್ಷ ಪ್ರಾಚೀನ ಚೀನಾವನ್ನು ಅರ್ಧ ಪೀರಿಯಡ್‌ನಲ್ಲಿ ಮುಗಿಸಿದ್ದೇನೆ. ಈಜಿಪ್ಟಿಗೆ ನೈಲ್, ಚೀನಾಕ್ಕೆ ಹ್ವಾಂಗ್ ಹೋ, ಅಂದರೆ ಹಳದಿ ನದಿ. ನದಿ ಬಂತು, ಮೆಕ್ಕಲು ಬಂತು, ಬೆಳೆ ಬಂತು, ಊರು ಬಂತು. ಮಕ್ಕಳು ಬರೆದುಕೊಂಡು ನಕ್ಷೆಯಲ್ಲಿ ನದಿಗೆ ನೀಲಿ ಬಣ್ಣ ಹಚ್ಚುತ್ತಿದ್ದರು. ಹಳದಿ ನದಿಗೆ ನೀಲಿ ಬಣ್ಣ! ನಾನೂ ರೈಟ್ ಹಾಕುತ್ತಿದ್ದೆ.

ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮಿಸ್, ಇದನ್ನ ಚೀನಾದ ಕಣ್ಣೀರಿನ ನದಿ ಅಂತಾರೆ ಅಂದ್ರಿ. ಊರಿಗೂರೇ ಕೊಚ್ಚಿಕೊಂಡು ಹೋಗೋ ನದಿ ಪಕ್ಕ ಯಾರಾದ್ರೂ ಮನೆ ಕಟ್ತಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ನಾಳೆ ಹೇಳ್ತೀನಿ" ಅಂದೆ. ಆ ನಾಳೆ ಬರೋಕೆ ಒಂದು ವರ್ಷ ಹಿಡಿಯಿತು.

ಓದುತ್ತಾ ಹೋದಂತೆ ಗೊತ್ತಾಯಿತು, ನಾನು ಕಥೆಯನ್ನು ನದಿಯಿಂದ ಶುರು ಮಾಡಿದ್ದೇ ತಪ್ಪು. ಶುರು ಮಾಡಬೇಕಾದದ್ದು ಮಣ್ಣಿನಿಂದ. ಅದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಹತ್ತೋದಿಲ್ಲ, ಮಾಡಿಯೇ ತೋರಿಸಬೇಕು ಅನ್ನಿಸಿತು. ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕಡಿ ಉದ್ದದ ತಗಡಿಗೆ ಅಂಚು ಮಡಚಿಸಿ ತಟ್ಟೆ ಮಾಡಿಸಿದೆ. ಅರ್ಧ ಭಾಗ ಇಳಿಜಾರು, ಅರ್ಧ ಸಮತಟ್ಟು.

ಮೊದಲ ಸಲ ಕೆರೆ ಮಣ್ಣು ಹಾಕಿ ಕೈ ಸುಟ್ಟುಕೊಂಡೆ. ಅದು ಜಿಗುಟು ಮಣ್ಣು. ನೀರು ಬಿಟ್ಟರೆ ಮೇಲಿಂದ ಜಾರಿ ಹೋಯಿತೇ ಹೊರತು ಮಣ್ಣು ಕದಲಲೇ ಇಲ್ಲ. ಮಕ್ಕಳು ಆಕಳಿಸಿದರು. ಹ್ವಾಂಗ್ ಹೋ ಹಾದು ಬರುವ ಕಡೆಯ ಮಣ್ಣು, ಲೋಯೆಸ್ ಅಂತ ಅದರ ಹೆಸರು, ಹಾಗಲ್ಲ. ಅದನ್ನು ನದಿ ತಂದದ್ದಲ್ಲ, ಗಾಳಿ ತಂದದ್ದು. ಗೋಬಿ ಕಡೆಯ ಮರುಭೂಮಿಗಳಿಂದ ಸುಮಾರು 25 ಲಕ್ಷ ವರ್ಷ ಧೂಳು ಹಾರಿ ಬಂದು ಕೂತು ಕೂತು ಒಂದು ಪ್ರಸ್ಥಭೂಮಿಯೇ ಆಗಿದೆ. ನಮ್ಮ ಕರ್ನಾಟಕದ ಎರಡು ಪಟ್ಟಿಗೂ ದೊಡ್ಡದು. ಎಷ್ಟೋ ಕಡೆ ಮಣ್ಣಿನ ದಪ್ಪ 100 ಮೀಟರ್ ದಾಟುತ್ತದೆ. ಮುಟ್ಟಿದರೆ ಹಿಟ್ಟಿನ ಹಾಗಿರುವ, ಜಿಗುಟಿಲ್ಲದ ಮಣ್ಣು.

ಅಂಥದ್ದು ನಮ್ಮ ಕಡೆ ಎಲ್ಲಿ ಸಿಗಬೇಕು? ಕೊನೆಗೆ ಸಿಕ್ಕಿದ್ದು ಜಲ್ಲಿ ಕ್ರಷರ್‌ನಲ್ಲಿ. ಎರಡು ಬಾಂಡ್ಲಿ ಧೂಳು ತಂದು ಹಳೇ ಪಂಚೆಯಲ್ಲಿ ಜರಡಿ ಹಿಡಿದೆ. (ನೀವೂ ಮಾಡೋದಾದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಈ ಕೆಲಸ ಮಕ್ಕಳ ಕೈಲಿ ಬೇಡ.) ಸ್ವಲ್ಪ ನೀರು ಚಿಮುಕಿಸಿ ಒತ್ತಿ, ಚಾಕುವಿನಲ್ಲಿ ಕೊಯ್ದರೆ ಗೋಡೆ ಥರ ನೆಟ್ಟಗೆ ನಿಂತಿತು. ಮೇಲೆ ಒಂದು ಲೋಟ ನೀರು ಸುರಿದೆ, ಕುಸಿದು ರಾಡಿಯಾಯಿತು. ಲೋಯೆಸ್‌ನ ಗುಣವೂ ಇಷ್ಟೇ. ಒಣಗಿದ್ದಾಗ ನೆಟ್ಟಗೆ ನಿಲ್ಲುತ್ತದೆ. ಹಾಗಾಗಿಯೇ ಅಲ್ಲಿನ ಜನ ಗುಡ್ಡ ಕೊರೆದು ಅದರೊಳಗೆ ಮನೆ ಮಾಡಿಕೊಂಡರು. ಈಗಲೂ ಲಕ್ಷಾಂತರ ಜನ ಅಂಥ ಮನೆಗಳಲ್ಲಿದ್ದಾರೆ. ಆದರೆ ಜೋರು ಮಳೆ ಬಿತ್ತೆಂದರೆ ಅದೇ ಮಣ್ಣು ಕೊಚ್ಚಿಕೊಂಡು ನದಿಗೆ ಇಳಿಯುತ್ತದೆ.

ಎಷ್ಟು ಇಳಿಯುತ್ತದೆ ಅನ್ನೋದನ್ನೂ ತೋರಿಸಿದೆ. ಕಳೆದ ಶತಮಾನದ ಲೆಕ್ಕದಲ್ಲಿ ಹ್ವಾಂಗ್ ಹೋದ ಲೀಟರ್ ನೀರಿನಲ್ಲಿ ಸರಾಸರಿ 35 ಗ್ರಾಂ ಮಣ್ಣು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 35 ಗ್ರಾಂ ಧೂಳು ತೂಗಿಸಿ ಲೀಟರ್ ಬಾಟಲಿಗೆ ಹಾಕಿ ಕುಲುಕಿದೆ. "ಥೇಟ್ ಟೀ ಇದ್ದಂಗೈತಿ ಮಿಸ್" ಅಂದ ಒಬ್ಬ. ಮಳೆಗಾಲದಲ್ಲಿ ಕೆಲವು ಉಪನದಿಗಳಲ್ಲಿ ಇದರ ಹತ್ತು ಪಟ್ಟಿಗೂ ಜಾಸ್ತಿ ಇರುತ್ತದೆ ಅಂದಾಗ ಯಾರೂ ನಂಬಲಿಲ್ಲ.

ಆಮೇಲೆ ತಟ್ಟೆ. ಮೇಲಿನ ತುದಿಯಲ್ಲಿ ಧೂಳಿನ ಗುಡ್ಡ, ಕೆಳಗೆ ಬೆಂಕಿಪೊಟ್ಟಣ ಮಲಗಿಸಿ ಮಾಡಿದ ಊರು. ಮುಚ್ಚಳಕ್ಕೆ ತೂತು ಹೊಡೆದ ಬಾಟಲಿಯಿಂದ ಸಣ್ಣಗೆ ನೀರು ಬಿಟ್ಟೆವು. ನೀರು ಗುಡ್ಡ ಕೊರೆದು ಕೆಳಗಿಳಿಯಿತು. ಸಮತಟ್ಟು ಜಾಗ ಬಂದದ್ದೇ ತಡ, ಓಟ ನಿಂತಿತು, ಹೊತ್ತು ತಂದದ್ದನ್ನೆಲ್ಲ ಅಲ್ಲೇ ಇಳಿಸಿತು. ಊರಿಗೆ ನೀರು ಬಾರದಂತೆ ಮಕ್ಕಳು ಎರಡೂ ಕಡೆ ಜೇಡಿ ಮಣ್ಣಿನ ಏರಿ ಹಾಕಿದರು. ಧೂಳು ಏರಿಗಳ ನಡುವೆ ತುಂಬಿತು. ಏರಿ ಎತ್ತರಿಸಿದರು. ಮತ್ತೆ ತುಂಬಿತು. ಐದನೇ ಸಲ ಏರಿಸುವ ಹೊತ್ತಿಗೆ ನದಿಯ ತಳ ಬೆಂಕಿಪೊಟ್ಟಣದ ಚಾವಣಿಗಿಂತ ಮೇಲಿತ್ತು. ಕೈಫೆಂಗ್ ಊರಿನಲ್ಲಿ ಇವತ್ತಿಗೂ ಹಾಗೇ ಇದೆ, ನದಿಯ ತಳವೇ ಊರಿನ ನೆಲಕ್ಕಿಂತ ಹಲವು ಮೀಟರ್ ಮೇಲೆ. ನಾನು ಇದನ್ನು ಹೇಳುತ್ತಿರುವಾಗಲೇ ನಮ್ಮ ಏರಿ ಎಡಗಡೆ ಒಡೆಯಿತು. ನೀರು ಹಳೇ ದಾರಿ ಬಿಟ್ಟು ತಟ್ಟೆಯ ಇನ್ನೊಂದು ಮೂಲೆಗೆ ಹೊರಟಿತು. ಮಕ್ಕಳು ಹೋ ಅಂದರು. 1855ರಲ್ಲಿ ನಿಜವಾಗಿ ನಡೆದದ್ದೂ ಇದೇ. ಷಾಂಡೊಂಗ್ ಪರ್ಯಾಯ ದ್ವೀಪದ ದಕ್ಷಿಣಕ್ಕೆ ಸಮುದ್ರ ಸೇರುತ್ತಿದ್ದ ನದಿ ಏರಿ ಒಡೆದುಕೊಂಡು ಉತ್ತರಕ್ಕೆ ತಿರುಗಿತು.

ಆಗ ಇಬ್ಬರು ಹುಡುಗರ ನಡುವೆ ಜಗಳ ಹತ್ತಿತು. ಒಬ್ಬ ಏರಿ ಇನ್ನೂ ಎತ್ತರ ಮಾಡೋಣ ಅಂದ. ಇನ್ನೊಬ್ಬ ಪೆನ್ಸಿಲ್ ತಗೊಂಡು ನೀರು ಹೋಗೋಕೆ ಕಾಲುವೆ ಗೀರಿದ. ಚೀನಾದ ಯೂ ಮಹಾರಾಜನ ದಂತಕಥೆ ಕಣ್ಣ ಮುಂದೆಯೇ ನಡೆದಂತಾಯಿತು. ಯೂನ ತಂದೆ ಗುನ್ ಪ್ರವಾಹಕ್ಕೆ ಒಡ್ಡು ಕಟ್ಟಿ ಸೋತ. ಮಗ ನೀರಿಗೆ ದಾರಿ ಬಿಡಿಸಿ ಗೆದ್ದ. ಆ ಕೆಲಸದಲ್ಲಿದ್ದ 13 ವರ್ಷ, ತನ್ನ ಮನೆ ಬಾಗಿಲ ಮುಂದೆ ಮೂರು ಸಲ ಹಾದರೂ ಒಳಗೆ ಹೋಗಲಿಲ್ಲವಂತೆ. "ಅವರಮ್ಮ ಬೈಲಿಲ್ವಾ?" ಅಂತ ಕೇಳಿದ ಪೆನ್ಸಿಲ್ ಹುಡುಗ.

ಇಷ್ಟಾದರೂ ಆ ಹುಡುಗಿಯ ಪ್ರಶ್ನೆ ಹಾಗೇ ಇತ್ತಲ್ಲ. ಉತ್ತರ ಸರಳ. ಜಾಣರು ದೊಡ್ಡ ನದಿಯ ಪಕ್ಕ ಮನೆ ಕಟ್ಟಲಿಲ್ಲ! ನಕ್ಷೆ ತೆಗೆದು ಹಳೇ ನೆಲೆಗಳನ್ನು ಒಂದೊಂದೇ ಗುರುತು ಹಾಕಿ ನೋಡಿ. ಷಿಯಾನ್ ಹತ್ತಿರದ ಬಾನ್‌ಪೋ ಊರು ಸುಮಾರು 6,000 ವರ್ಷಕ್ಕೂ ಹಿಂದಿನದು, ಇರೋದು ಚಾನ್ ಎಂಬ ಚಿಕ್ಕ ಹೊಳೆಯ ಪಕ್ಕದ ದಿಬ್ಬದಲ್ಲಿ. ಎರ್‌ಲಿಟೋ ಇರೋದು ಲುವೋ ನದಿಯ ಬದಿ. ಮೂರು ಸಾವಿರ ವರ್ಷಕ್ಕೂ ಹಿಂದೆ ಆಳಿದ ಶಾಂಗ್ ರಾಜವಂಶದ ಕೊನೆಯ ರಾಜಧಾನಿ, ಅನ್ಯಾಂಗ್ ಹತ್ತಿರದ ಯಿನ್‌ಷು, ಹುವಾನ್ ಹೊಳೆಯ ದಂಡೆ. ಕುಡಿಯೋಕೆ ನೀರು ಹತ್ತಿರ, ಪ್ರವಾಹ ದೂರ. ನಾವು ತಟ್ಟೆಯಲ್ಲಿ ಕಟ್ಟಿದ ಉದ್ದದ ಏರಿಗಳೂ ಶಾಂಗ್ ಕಾಲಕ್ಕಿಂತ ಎಷ್ಟೋ ಶತಮಾನ ಈಚಿನವು. ಮೇಲಿನ ಗುಡ್ಡಗಳಲ್ಲಿ ಕಾಡು ಕಡಿದು ಉಳುಮೆ ಹೆಚ್ಚಿದ ಮೇಲೆ ಕೆಳಗೆ ಹೂಳು ಹೆಚ್ಚಿತು. ಮೊದಲು ಈ ನದಿಯನ್ನು ಸುಮ್ನೆ 'ಹೋ', ಅಂದರೆ ನದಿ, ಅನ್ನುತ್ತಿದ್ದರು. 'ಹಳದಿ' ಸೇರಿದ್ದು ಸುಮಾರು 2,000 ವರ್ಷದ ಹಿಂದಿನ ಹಾನ್ ರಾಜವಂಶದ ಕಾಲಕ್ಕೆ. ಹಾಗಾಗಿ ಈಗ ತಟ್ಟೆ ತೋರಿಸುವಾಗ ಮೊದಲೇ ಹೇಳುತ್ತೇನೆ: ಇದು ಆಮೇಲಿನ ಕಥೆ ಕಣ್ರೋ, ಶುರುವಿನದಲ್ಲ ಅಂತ.

ನೀರಾವರಿಯ ವಿಷಯದಲ್ಲೂ ನಾನು ಹತ್ತು ವರ್ಷ ತಪ್ಪೇ ಹೇಳಿದ್ದೆ. ನೈಲ್ ಥರ ನದಿ ಉಕ್ಕಿ ಹೊಲ ನೆನೆಸುವುದು ಅಂದುಕೊಂಡಿದ್ದೆ. ಆದರೆ ಹ್ವಾಂಗ್ ಹೋ ಕಡೆಯದು ಮಳೆ ಆಧಾರದ ಬೇಸಾಯ. ಅವರ ಬೆಳೆ ಯಾವುದು ಗೊತ್ತಾ? ನವಣೆ ಮತ್ತು ಬರಗು. ಎರಡನ್ನೂ ಕಾಡಿನಿಂದ ಹೊಲಕ್ಕೆ ತಂದವರು ಉತ್ತರ ಚೀನಾದ ರೈತರೇ. ಒಂದು ಹಿಡಿ ನವಣೆ ಕ್ಲಾಸಿಗೆ ಒಯ್ದಿದ್ದೆ. ನಮ್ಮದು ಚಿತ್ರದುರ್ಗ ಜಿಲ್ಲೆ, ಮಕ್ಕಳಿಗೆ ಅದು ಹೊಸದೇನಲ್ಲ. ಕಡಿಮೆ ನೀರು, ಹಗುರ ಮಣ್ಣು, ಬೇಗ ಕೊಯ್ಲು, ಇದನ್ನೆಲ್ಲ ನಾನು ವಿವರಿಸಬೇಕಾಗಲೇ ಇಲ್ಲ. ಅವರೇ ಹೇಳಿದರು. ಲೋಯೆಸ್‌ನಂಥ ಸಡಿಲ ಮಣ್ಣನ್ನು ಕಲ್ಲು, ಮರದ ಸಲಕರಣೆಯಲ್ಲೇ ಅಗೆಯಬಹುದು. ಮಳೆ ಕೈಕೊಟ್ಟರೆ ಮಾತ್ರ ಕಥೆ ಮುಗಿಯಿತು. ಶಾಂಗ್ ದೊರೆಗಳು ಆಮೆಯ ಹೊಟ್ಟೆಚಿಪ್ಪು, ದನದ ಹೆಗಲ ಮೂಳೆ ಕಾಯಿಸಿ, ಬಿರುಕು ನೋಡಿ ಶಕುನ ಕೇಳುತ್ತಿದ್ದರು. ಆ ಮೂಳೆಗಳ ಮೇಲೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಲ್ಲಿ ಒಂದು: ಮಳೆ ಬರುತ್ತದಾ? "ನಮ್ಮಜ್ಜಿನೂ ದೇವ್ರ ಹತ್ರ ಹೂವು ಕೇಳ್ತಾಳೆ ಮಿಸ್" ಅಂತ ಒಂದು ದನಿ ಬಂತು.

ಗೋಡೆಯ ಪ್ರಯೋಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡು ಹಲಗೆ ನಡುವೆ ಹಸಿ ಧೂಳು ತೆಳ್ಳಗೆ ಹಾಕಿ, ದಿಮ್ಮಸಿನ ಬದಲು ಕೊಡಲಿ ಕಾವಿನ ತುಂಡಿನಿಂದ ಬಡಿಯೋದು. ಮತ್ತೊಂದು ಪದರ, ಮತ್ತೆ ಬಡಿಯೋದು. ಝೆಂಗ್‌ಝೌನಲ್ಲಿ ಸುಮಾರು 3,500 ವರ್ಷದ ಹಿಂದೆ ಹೀಗೇ ಬಡಿದು ಕಟ್ಟಿದ ಕೋಟೆಯ ಸುತ್ತಳತೆ ಸುಮಾರು 7 ಕಿಲೋಮೀಟರ್. ನಮ್ಮದು ಒಂದಡಿ ಗೋಡೆ, ಅಷ್ಟಕ್ಕೇ ಆರು ಮಕ್ಕಳ ಕೈ ಸೋತವು. ಚಿತ್ರದುರ್ಗದ ಕಲ್ಲಿನ ಕೋಟೆ ನೋಡಿ ಬೆಳೆದವರಿಗೆ ಮಣ್ಣಿನ ಕೋಟೆ ಅಂದರೆ ಮೊದಲು ಸ್ವಲ್ಪ ತಾತ್ಸಾರ ಇತ್ತು. ಬಡಿದ ಮೇಲೆ ಕಡಿಮೆಯಾಯಿತು.

ಮರುಭೂಮಿ, ಬೆಟ್ಟ, ಸಮುದ್ರದ ನಡುವೆ ಚೀನಾ ಒಂಟಿಯಾಗಿ ಬೆಳೆಯಿತು ಅಂತ ಹೇಳುತ್ತೇವಲ್ಲ, ಅದನ್ನೂ ಈಗ ಸ್ವಲ್ಪ ತಗ್ಗಿಸಿ ಹೇಳುತ್ತೇನೆ. ಗೋಧಿ, ಕುರಿ, ಕುದುರೆ ರಥ ಎಲ್ಲ ಪಶ್ಚಿಮದಿಂದಲೇ ಒಳಗೆ ಬಂದವು.

ನನಗೆ ಇನ್ನೂ ಕೈಗೂಡದೇ ಇರೋದು ದಕ್ಷಿಣದ ಯಾಂಗ್ಟ್ಸೆ ನದಿಯ ಕಥೆ. ಚಿನ್‌ಲಿಂಗ್ ಬೆಟ್ಟ ದಾಟಿ ದಕ್ಷಿಣಕ್ಕೆ ಇಳಿದರೆ ಮಳೆ ಜಾಸ್ತಿ, ನವಣೆ ಹೋಗಿ ಭತ್ತ ಬರುತ್ತದೆ. ಹೆಮುಡು ಎಂಬಲ್ಲಿ ಸುಮಾರು 7,000 ವರ್ಷದ ಹಿಂದೆ ಜವುಗು ನೆಲದಲ್ಲಿ ಮರದ ಕಂಬ ನೆಟ್ಟು ಅದರ ಮೇಲೆ ಮನೆ ಕಟ್ಟಿಕೊಂಡಿದ್ದರು. ಅದನ್ನೂ ತೋರಿಸೋಣ ಅಂತ ಹೋದ ವರ್ಷ ತಟ್ಟೆಯಲ್ಲಿ ನಾಲ್ಕು ದಿನ ನೀರು ನಿಲ್ಲಿಸಿದೆ. ಭತ್ತ ಮೊಳೆಯುವ ಮೊದಲೇ ತಗಡು ತುಕ್ಕು ಹಿಡಿದು ಸೋರಿತು. ಈ ಸಲ ಪ್ಲಾಸ್ಟಿಕ್ ಟಬ್ ತರುತ್ತೇನೆ.