ಬಾಗುವ ಎಲೆಕ್ಟ್ರೋಡನ್ನು ಒಳಗಿಳಿಸಿದ ನನ್ನ ಅನುಭವ

ಇಲಿಯ ಮಿದುಳಿನಿಂದ ನರಕೋಶಗಳ ಸಂಕೇತಗಳನ್ನು ದಾಖಲಿಸಲು ನಾನು ಮೊದಲು ಬಳಸುತ್ತಿದ್ದುದು ಸಿಲಿಕಾನಿನ ಸೂಜಿಯಂಥ ಎಲೆಕ್ಟ್ರೋಡ್‌ಗಳನ್ನು. ಮೊದಲ ವಾರಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದ ಸ್ಪೈಕ್‌ಗಳು (ನರಕೋಶಗಳ ವಿದ್ಯುತ್ ಮಿಡಿತಗಳು) ತಿಂಗಳುಗಳು ಕಳೆದಂತೆ ಗದ್ದಲದಲ್ಲಿ ಮುಳುಗಿಹೋಗುತ್ತಿದ್ದವು. ಸಿಲಿಕಾನಿನ ಬಿಗಿತ ಸುಮಾರು 160 ಗಿಗಾಪ್ಯಾಸ್ಕಲ್, ಮಿದುಳಿನ ಅಂಗಾಂಶದ್ದು ಕೆಲವೇ ಕಿಲೋಪ್ಯಾಸ್ಕಲ್ (ಗಿಗಾ ಎಂದರೆ ಕಿಲೋದ ಹತ್ತು ಲಕ್ಷ ಪಟ್ಟು). ಉಸಿರಾಟಕ್ಕೂ ನಾಡಿಬಡಿತಕ್ಕೂ ಮಿದುಳು ತುಸು ಅಲುಗುತ್ತಲೇ ಇರುವುದರಿಂದ, ಅದರೊಂದಿಗೆ ಅಲುಗದ ಸೂಜಿ ಸುತ್ತಲಿನ ಅಂಗಾಂಶವನ್ನು ಸದಾ ಕೆರೆಯುತ್ತದೆ. ಮಿದುಳಿನ ಆಸರೆಯ ಕೋಶಗಳಾದ ಗ್ಲಿಯಾ ಅಲ್ಲಿ ಕಲೆತು ಗಾಯದ ಪೊರೆ ಕಟ್ಟುತ್ತವೆ, ಸಂಕೇತ ಮಂಕಾಗುತ್ತದೆ.

ಹೀಗಾಗಿ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಹಿಡಿದೆ. ಅದೂ ಕೆಲವು ಗಿಗಾಪ್ಯಾಸ್ಕಲ್‌ನ ವಸ್ತುವೇ, ಮಿದುಳಿನ ಪಾಲಿಗೆ ಕಲ್ಲೇ ಸರಿ. ಆದರೆ ಪಟ್ಟಿಯೊಂದು ಬಾಗಲು ಒಡ್ಡುವ ತಡೆ ಅದರ ದಪ್ಪದ ಘನಕ್ಕೆ ತಕ್ಕಂತೆ ಇರುತ್ತದೆ. ದಪ್ಪ ಅರ್ಧವಾದರೆ ತಡೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಎರಡು ಪದರಗಳ ನಡುವೆ ಚಿನ್ನದ ಗೆರೆಗಳನ್ನಿಟ್ಟು ಮಾಡಿದ ನನ್ನ ಪಟ್ಟಿ ಒಟ್ಟು 8 ಮೈಕ್ರೊಮೀಟರ್ ದಪ್ಪವಿತ್ತು. ತಯಾರಿಕೆಗೆ ಬಳಸಿದ ಬಿಲ್ಲೆಯಾದ ವೇಫರ್‌ನಿಂದ ಬಿಡಿಸಿ ನೀರಿಗೆ ಬಿಟ್ಟಾಗ ಈರುಳ್ಳಿಯ ಒಳಪೊರೆಯಂತೆ ತೇಲಿತು.

ತೊಡಕು ಶುರುವಾದದ್ದು ಆಮೇಲೆ. ಪ್ರಾಣಿಯನ್ನು ಮುಟ್ಟುವ ಮೊದಲು, ಮಿದುಳಿನಷ್ಟೇ ಮೆತ್ತಗಿರುವ ಶೇ. 0.6ರ ಅಗರೋಸ್ ಜೆಲ್‌ನಲ್ಲಿ ಚುಚ್ಚಿ ನೋಡಿದರೆ, ತುದಿ ತಗುಲಿದೊಡನೆ ಪಟ್ಟಿ ಮಡಚಿಕೊಂಡಿತು. ಆದ್ದರಿಂದ 50 ಮೈಕ್ರೊಮೀಟರ್‌ನ ಟಂಗ್‌ಸ್ಟನ್ ತಂತಿಗೆ ಅದನ್ನು ಪಾಲಿಎಥಿಲೀನ್ ಗ್ಲೈಕಾಲ್‌ನಿಂದ ಅಂಟಿಸಿದೆ. ಕಾಯಿಸಿದರೆ ಕರಗಿ, ಆರಿದರೆ ಮೇಣದಂತೆ ಗಟ್ಟಿಯಾಗಿ, ಒಳಗಿನ ತೇವಕ್ಕೆ ಮತ್ತೆ ಕರಗುವ ಅಂಟು ಅದು. ಮೊದಲ ಸಲ ತುದಿಯಲ್ಲಿ ಅಂಟು ಗುಂಡಾಗಿ ನಿಂತು, ಜೆಲ್ ಸೀಳಿಕೊಳ್ಳುವ ಬದಲು ಒಳಕ್ಕೆ ತಗ್ಗಿತು. ಎರಡನೆಯ ಸಲ ಸರಿಯಾಗಿ ಇಳಿಯಿತಾದರೂ, ಒಂದೇ ನಿಮಿಷಕ್ಕೆ ತಂತಿ ಎಳೆದ ನನ್ನ ಅವಸರಕ್ಕೆ ಪಟ್ಟಿಯೂ ಜೊತೆಗೇ ಬಂತು. ಈಗ ಲವಣದ್ರಾವಣದ ಹನಿ ಹಾಕುತ್ತ ಹದಿನೈದು ನಿಮಿಷ ಕಾಯುತ್ತೇನೆ. ಪಟ್ಟಿಯ ಬುಡವನ್ನು ಚಿಮಟದಲ್ಲಿ ಹಿಡಿದು, ತಂತಿಯನ್ನು ಮೈಕ್ರೊಮ್ಯಾನಿಪ್ಯುಲೇಟರ್‌ನಿಂದ (ಅತಿ ಸೂಕ್ಷ್ಮವಾಗಿ ಸರಿಸುವ ಸಾಧನ) ಬಲು ನಿಧಾನವಾಗಿ ಹಿಂದೆಗೆಯುತ್ತೇನೆ. ಚುಚ್ಚುವಾಗಿನ ಗಾಯ ಮಾತ್ರ ತಂತಿಯ ದಪ್ಪದ್ದೇ ಎಂಬುದನ್ನು ಒಪ್ಪಿಕೊಳ್ಳಬೇಕು. ಪಟ್ಟಿಯ ಮೆದುತನದ ಲಾಭವೆಲ್ಲ ನಂತರದ ತಿಂಗಳುಗಳಿಗೆ ಸೇರಿದ್ದು.

ಸಂಕೇತ ಹಿಡಿಯುವ ಚಿನ್ನದ ಪುಟ್ಟ ಬಿಂದುಗಳ ಇಂಪೀಡೆನ್ಸ್ (ಪರ್ಯಾಯ ವಿದ್ಯುತ್ತಿಗೆ ಒಡ್ಡುವ ತಡೆ; ಕಡಿಮೆಯಿದ್ದಷ್ಟೂ ಒಳ್ಳೆಯದು) 1 ಕಿಲೋಹರ್ಟ್ಸ್‌ನಲ್ಲಿ ಮೆಗಾಓಮ್‌ನ ಆಸುಪಾಸಿನಲ್ಲಿತ್ತು. ಪೆಡಾಟ್ ಎಂಬ ವಾಹಕ ಪಾಲಿಮರ್ ಲೇಪಿಸಿದಾಗ ಹತ್ತಾರು ಕಿಲೋಓಮ್‌ಗೆ ಇಳಿಯಿತು. ನರಕೋಶಗಳನ್ನು ವಿದ್ಯುತ್ತಿನಿಂದ ಉದ್ದೀಪಿಸಲು ಧನ ಮತ್ತು ಋಣ ಆವೇಶಗಳು ಸರಿತೂಗುವ ಜೋಡಿ ಸ್ಪಂದಗಳನ್ನಷ್ಟೇ ಕೊಡುತ್ತೇನೆ, ಇಲ್ಲದಿದ್ದರೆ ಲೋಹವೂ ಅಂಗಾಂಶವೂ ಕೆಡುತ್ತವೆ.

ಇಷ್ಟಾಗಿಯೂ ಮೊದಲ ಇಲಿಯಲ್ಲಿ ಸಂಕೇತ ನಿಂತುಹೋಯಿತು. ತೆಗೆದು ನೋಡಿದರೆ ಮಿದುಳಿನೊಳಗಿನ ಭಾಗ ಹಾಗೆಯೇ ಇತ್ತು. ಚಿನ್ನದ ಗೆರೆಗಳು ತುಂಡಾಗಿದ್ದುದು ತಲೆಬುರುಡೆಯ ಮೇಲೆ, ಮೆತ್ತನೆಯ ಪಟ್ಟಿ ಗಟ್ಟಿ ಕನೆಕ್ಟರನ್ನು ಸೇರುವ ಅಂಚಿನಲ್ಲಿ. ಅಲ್ಲಿಗೆ ಈಗ ರಬ್ಬರಿನಂತೆ ಮೆತ್ತಗಿರುವ ಸಿಲಿಕೋನ್ ತುಂಬುತ್ತೇನೆ.