ರಿಜೆಕ್ಷನ್‌ಗೆ ಸಂಬಳ ಹಿಡಿಯೋದು ಬಿಟ್ಟೆ: ಪೀಣ್ಯದ ಶೆಡ್‌ನಿಂದ ನನ್ನ ಅನುಭವ

"ಸಂಬಳ ಹಿಡೀದೇ ಇದ್ರೆ ಹುಡುಗ್ರು ತಲೆ ಮೇಲೆ ಕೂರ್ತಾರೆ ಸಾರ್" ಅಂತ, ಪೀಸ್ ಕೆಟ್ಟರೆ ದುಡ್ಡು ಹಿಡಿಯೋದು ನಾನು ಬಿಟ್ಟಾಗ ಪಕ್ಕದ ಶೆಡ್‌ನವರು ನಕ್ಕಿದ್ದರು. ಈಗ ಅವರೇ ಬಂದು ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬುಷ್, ಫ್ಲ್ಯಾಂಜ್ ಅನ್ನೋ ಮಷಿನ್ ಬಿಡಿಭಾಗಗಳನ್ನ ಬೇರೆ ಕಂಪನಿಗಳಿಗೆ ಮಾಡಿಕೊಡುವ ಜಾಬ್ ವರ್ಕ್. ಇಪ್ಪತ್ತು ಜನ ಇರಬಹುದು. ಒಡಿಶಾ, ಬಿಹಾರ, ಕಲಬುರಗಿ ಕಡೆಯ ಹುಡುಗರು, ಇನ್‌ಸ್ಪೆಕ್ಷನ್‌ಗೆ ತುಮಕೂರಿನ ಇಬ್ಬರು ಹೆಣ್ಣುಮಕ್ಕಳು. ಬೋರ್ ಓವರ್‌ಸೈಜ್ ಆದರೆ, ಅಂದ್ರೆ ಒಳಗಿನ ತೂತು ಅಳತೆಗಿಂತ ದೊಡ್ಡದಾದರೆ, ದುಡ್ಡು ಹಿಡಿಯೋದು ಇಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಕೆಲಸದವನ ಮಾತು ಕೇಳದೆ ಡ್ಯಾಮೇಜ್ ಹಣ ಹಿಡಿಯುವ ಹಾಗಿಲ್ಲ ಅಂತ 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. ಯಾರು ಓದುತ್ತಾರೆ? ಆದದ್ದು ಇಷ್ಟೇ, ದುಡ್ಡು ಹೋಗುತ್ತೆ ಅಂತ ಹುಡುಗರು ಕೆಟ್ಟ ಪೀಸ್ ಮುಚ್ಚಿಟ್ಟರು, ಸೀದಾ ಕ್ರೇಟ್‌ನ ತಳಕ್ಕೆ. ಒಂದು ಸಲ ಕಳಿಸಿದ ಇಡೀ ಲಾಟ್ ಗಿರಾಕಿಯಿಂದ ವಾಪಸ್ ಬಂತು. ಸಾರ್ಟಿಂಗ್, ಗಾಡಿ ಬಾಡಿಗೆ, ಗಿರಾಕಿ ಹಣ ಕಡಿದ ಡೆಬಿಟ್ ನೋಟ್ ಸೇರಿ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಆ ವರ್ಷ ಹುಡುಗರಿಂದ ಹಿಡಿದದ್ದು ಹತ್ತು ಹನ್ನೆರಡು ಸಾವಿರ!

ಮೊದಲು ನಾಲ್ಕು ಭಾಷೆಯಲ್ಲಿ 'ಪ್ರಾಮಾಣಿಕತೆ' ಅಂತ ಫ್ಲೆಕ್ಸ್ ಹಾಕಿಸಿದೆ. ನಾಲ್ಕು ಸಾವಿರ ವ್ಯರ್ಥ. ಆಮೇಲೆ ಝೀರೋ ರಿಜೆಕ್ಷನ್‌ಗೆ ಬಹುಮಾನ ಇಟ್ಟೆ. ಮುಚ್ಚಿಡೋದು ಇನ್ನೂ ಜಾಸ್ತಿ ಆಯಿತು, ಅಲ್ವಾ, ಆಗಲೇಬೇಕು.

ಕೊನೆಗೆ ಒಂದೇ ನಿಯಮ ಉಳಿಸಿದೆ. ಪೀಸ್ ಕೆಟ್ಟರೆ ಮಾಡಿದವನೇ ಕೆಂಪು ಚೀಟಿ ಕಟ್ಟಬೇಕು, ಕಾರಣ ಅವನ ಭಾಷೆಯಲ್ಲೇ ಬರೆಯಬೇಕು. ಚೀಟಿ ಕಟ್ಟಿದ್ದಕ್ಕೆ ಒಂದು ರೂಪಾಯಿಯೂ ಹಿಡಿಯಲ್ಲ. ಕನ್ನಡದ ಹುಡುಗರು ಕಟ್ಟಿದರು, ಒಡಿಯಾದವರು ನಂಬಲಿಲ್ಲ. ಆಗ ಆಫ್‌ಸೆಟ್ (ಮಷಿನ್‌ಗೆ ಕೊಡುವ ಅಳತೆ) ತಪ್ಪಿದ್ದ ಪೀಸ್‌ಗಳಿಗೆ, ಮಷಿನ್ ಹೊಂದಿಸಿಕೊಡುವ ನಮ್ಮ ಹಿರಿಯ ಸೆಟ್ಟರ್ ಎಲ್ಲರ ಎದುರು ತಾನೇ ಚೀಟಿ ಕಟ್ಟಿದರು. ಸಂಬಳದ ದಿನ ಅವರ ಕವರ್ ಪೂರ್ತಿ ಇತ್ತು. ಮಾರನೇ ವಾರದಿಂದ ಒಡಿಯಾದಲ್ಲಿ ಬರೆದ ಚೀಟಿಗಳು ಬರತೊಡಗಿದವು. ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದರೂ ಬದಲಿಸಿಲ್ಲ ಅಂತ ಆಫೀಸಿನ ಮೇಲೂ ಚೀಟಿ ಬಿತ್ತು. ಅದನ್ನೂ ಬೋರ್ಡ್‌ನಲ್ಲೇ ಬಿಟ್ಟೆ.

ಮೊದಲ ಎರಡು ತಿಂಗಳು ಸ್ಕ್ರ್ಯಾಪ್ ಡಬ್ಬಿ ಉಕ್ಕುತ್ತಿತ್ತು. ಲೆಕ್ಕ ನೋಡುವ ನನ್ನ ಹೆಂಡತಿ "ಇದೇನ್ರೀ ಧರ್ಮಛತ್ರನಾ?" ಅಂದಳು. ಮುಚ್ಚಿಟ್ಟಿದ್ದೆಲ್ಲ ಹೊರಗೆ ಬರುತ್ತಿತ್ತು, ಅಷ್ಟೇ. ಶೇಕಡಾ 4ರ ಆಸುಪಾಸು ಇದ್ದ ರಿಜೆಕ್ಷನ್ ವರ್ಷದೊಳಗೆ ಒಂದೂವರೆಗೆ ಇಳಿಯಿತು. ಲಾಟ್ ವಾಪಸ್ ಬಂದಿಲ್ಲ. ಉಳಿದ ದುಡ್ಡಲ್ಲಿ ಒಂದು ಪಾಲು ಹುಡುಗರಿಗೇ. ಯಾವ ಲೆಕ್ಕದಲ್ಲಿ ಹಂಚುತ್ತೇನೆ ಅನ್ನೋದನ್ನ ಮಾತ್ರ ಹೇಳಲ್ಲ, ಪಕ್ಕದ ಶೆಡ್‌ನವರೂ ಓದುತ್ತಾರೆ.

ಇದರ ನಡುವೆ ರಜೆಯದ್ದೂ ಒಂದು ಪ್ರಯೋಗ ಮಾಡಿದೆ. ದೀಪಾವಳಿ ಮುಗಿದ ತಕ್ಷಣ ಬಿಹಾರದವರು ತಮ್ಮ ದೊಡ್ಡ ಹಬ್ಬ ಛಠ್‌ಗೆ ಊರಿಗೆ ಹೊರಡುತ್ತಾರೆ. ರಜೆ ಪಟ್ಟಿಯನ್ನ ಅವರವರ ಕೈಗೇ ಕೊಟ್ಟೆ: ಯಾರು ಹೋದರೂ ಮಷಿನ್ ನಿಲ್ಲಬಾರದು, ನೀವೇ ಹೊಂದಿಸಿಕೊಳ್ಳಿ. ಕಲಬುರಗಿಯವರು ಛಠ್‌ ಸಮಯದಲ್ಲಿ ಕೆಲಸಕ್ಕೆ ನಿಂತರು, ಬಿಹಾರದವರು ಯುಗಾದಿಗೆ. ವಿಶ್ವಕರ್ಮ ಪೂಜೆ, ಆಯುಧಪೂಜೆ ಎರಡೂ ಮಾಡುತ್ತೇವೆ. ಕುಂಬಳಕಾಯಿ ಖರ್ಚು ಡಬಲ್, ಹೋಗಲಿ ಬಿಡಿ.

ನೈಟ್ ಶಿಫ್ಟ್ ಮಾತ್ರ ಇನ್ನೂ ಬಗೆಹರಿದಿಲ್ಲ. ಅಲ್ಲಿಂದ ಚೀಟಿ ತೀರಾ ಕಡಿಮೆ ಬರುತ್ತವೆ. ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ನನಗೇನೂ ನಂಬಿಕೆ ಇಲ್ಲ. ಮುಂದಿನ ತಿಂಗಳಿಂದ ಸೆಟ್ಟರನ್ನ ಒಂದು ವಾರ ರಾತ್ರಿಗೆ ಹಾಕಿ ನೋಡುತ್ತೇನೆ.